ಹೊರಗಿನ ಯಂತ್ರದಿಂದ ಸ್ಲರ್ಮ್ ಕ್ಲಸ್ಟರ್‌ಗೆ ಜಾಬ್ ಹಾಕಲು ಸಿದ್ಧತೆ

ಕ್ಲಸ್ಟರ್ (ಜೊತೆಗೂಡಿ ಕೆಲಸ ಮಾಡುವ ಕಂಪ್ಯೂಟರ್‌ಗಳ ಗುಂಪು) ಒಳಗೆ, ಜಾಬ್‌ಗಳನ್ನು ಹಂಚಿ ಓಡಿಸುವ ಸಾಫ್ಟ್‌ವೇರ್ ಸ್ಲರ್ಮ್ ಸರಿಯಾಗಿ ಓಡುತ್ತಿದೆ, ಈಗ ಇನ್ನೊಂದು ಯಂತ್ರದಿಂದಲೂ ಜಾಬ್ ಹಾಕಬೇಕು ಎಂದುಕೊಳ್ಳಿ. ಆ ಯಂತ್ರದಲ್ಲಿ ಸ್ಲರ್ಮ್‌ನ ಡೀಮನ್ (ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಮ್) ಯಾವುದೂ ಓಡಬೇಕಿಲ್ಲ. ಕ್ಲಸ್ಟರನ್ನು ನಿಯಂತ್ರಿಸುವ ಯಂತ್ರವಾದ ಕಂಟ್ರೋಲರ್‌ನಲ್ಲಿರುವ ಆವೃತ್ತಿಯದೇ ಕ್ಲೈಂಟ್ ಪ್ಯಾಕೇಜು, ಅಲ್ಲಿರುವುದೇ ಕಾನ್ಫಿಗ್ ಕಡತ, ಜೊತೆಗೆ ಬಳಕೆದಾರರ ಗುರುತನ್ನು ಖಚಿತಪಡಿಸುವ ಮಂಜ್ ಇದ್ದರೆ ಸಾಕು. ಎಡವುವುದು ಬಹುಪಾಲು ಗುರುತಿನ ವಿಷಯದಲ್ಲೇ. ಅದನ್ನು ಮೊದಲು ಮುಗಿಸಿ.

ಮಂಜ್ ಕೀಯನ್ನು (ಎರಡೂ ಕಡೆ ಒಂದೇ ಇರಬೇಕಾದ ಗುಟ್ಟಿನ ಕಡತ) ಕಂಟ್ರೋಲರ್‌ನಿಂದಲೇ ನಕಲು ಮಾಡಿ ತನ್ನಿ. ಒಡೆತನ ಮಂಜ್ ಬಳಕೆದಾರನಿಗೆ, ಅನುಮತಿ 0400 (ಒಡೆಯ ಮಾತ್ರ ಓದಬಹುದು). ಕೆಲವು ಲಿನಕ್ಸ್‌ಗಳಲ್ಲಿ ಪ್ಯಾಕೇಜು ಹಾಕಿದ ಕೂಡಲೇ ಹೊಸ ಕೀ ತಾನಾಗಿ ಹುಟ್ಟಿಕೊಳ್ಳುತ್ತದೆ. ಅದು ಉಳಿದರೆ ಕಂಟ್ರೋಲರ್ ನಿಮ್ಮನ್ನು ನಂಬುವುದಿಲ್ಲ. ಕೀ ಬದಲಿಸಿದ ಮೇಲೆ ಮಂಜ್ ಡೀಮನ್ ರೀಸ್ಟಾರ್ಟ್ ಮಾಡಿ, ಇಲ್ಲಿ ಮಂಜ್‌ನಿಂದ ಮಾಡಿದ ಕ್ರೆಡೆನ್ಶಿಯಲನ್ನು (ಗುರುತಿನ ಚೀಟಿ) ಎಸ್‌ಎಸ್‌ಎಚ್ ಮೂಲಕ ಕಳಿಸಿ ಕಂಟ್ರೋಲರ್‌ನಲ್ಲಿ ಅದನ್ನು ಬಿಡಿಸಿ ಪರಿಶೀಲಿಸುವ ಅನ್‌ಮಂಜ್ ಆಜ್ಞೆಗೆ ಕೊಟ್ಟು ನೋಡಿ. ಸಕ್ಸೆಸ್ ಎಂದು ಬರಬೇಕು. ಎಕ್ಸ್‌ಪೈರ್ಡ್ ಅಥವಾ ರಿವೌಂಡ್ ಎಂದು ಬಂದರೆ ಗಡಿಯಾರಗಳು ಹೊಂದುತ್ತಿಲ್ಲ. ಕ್ರೆಡೆನ್ಶಿಯಲ್‌ನ ಡಿಫಾಲ್ಟ್ ಆಯಸ್ಸು 300 ಸೆಕೆಂಡು ಮಾತ್ರ, ಹಾಗಾಗಿ ಎರಡೂ ಕಡೆ ಗಡಿಯಾರ ಸರಿಹೊಂದಿಸುವ ಕ್ರೋನಿ ಓಡಲಿ.

ಮಂಜ್ ಒಯ್ಯುವುದು ಬಳಕೆದಾರನ ಹೆಸರನ್ನಲ್ಲ, ಯುಐಡಿಯನ್ನು, ಅಂದರೆ ಬಳಕೆದಾರನ ಸಂಖ್ಯೆಯನ್ನು. ಇಲ್ಲಿ 1001 ಒಬ್ಬರು, ಅಲ್ಲಿ 1001 ಇನ್ನೊಬ್ಬರಾದರೆ ಜಾಬ್ ಆ ಇನ್ನೊಬ್ಬರ ಖಾತೆಯಲ್ಲಿ ಓಡುತ್ತದೆ. ಎರಡೂ ಕಡೆಗೆ ಒಂದೇ ಬಳಕೆದಾರರ ಪಟ್ಟಿ ಕೊಡುವ ಎಲ್ಡ್ಯಾಪ್ ಇದ್ದರೆ ಈ ಕಾಟವಿಲ್ಲ. ಇನ್ನೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ: ಕೀ ಇರುವ ಯಂತ್ರದಲ್ಲಿ ರೂಟ್ ಅಧಿಕಾರ ಇದ್ದವರು ಯಾರ ಗುರುತನ್ನು ಬೇಕಾದರೂ ಸೃಷ್ಟಿಸಬಲ್ಲರು. ಸ್ವಂತ ಲ್ಯಾಪ್‌ಟಾಪ್‌ಗಳಿಗೆ ಕೀ ಕೊಡಲೇಬೇಡಿ. ಅವುಗಳ ಒಡೆಯರು ಎಸ್‌ಎಸ್‌ಎಚ್ ಮಾಡಿ ನಿಮ್ಮ ಈ ಯಂತ್ರಕ್ಕೆ ಬಂದು ಜಾಬ್ ಹಾಕಲಿ.

ಫೈರ್‌ವಾಲ್‌ನಲ್ಲಿ ಎಸ್‌ಬ್ಯಾಚ್‌ಗೆ (ಜಾಬನ್ನು ಸರದಿಗೆ ಹಾಕುವ ಆಜ್ಞೆ) ಕಂಟ್ರೋಲರ್‌ನ 6817 ಪೋರ್ಟ್ ತೆರೆದರೆ ಆಯಿತು, ಅದೂ ಈ ಯಂತ್ರದ ಐಪಿಗೆ ಮಾತ್ರ. ಜಾಬ್‌ನ ಔಟ್‌ಪುಟನ್ನು ನೇರವಾಗಿ ನಿಮ್ಮ ಪರದೆಗೆ ತರುವ ಎಸ್‌ರನ್ ಹಾಗಲ್ಲ. ಜಾಬ್ ಓಡಿಸುವ ಯಂತ್ರಗಳಾದ ಕಂಪ್ಯೂಟ್ ನೋಡ್‌ಗಳೇ ಜಾಬ್ ಹಾಕಿದ ಯಂತ್ರಕ್ಕೆ ತಿರುಗಿ ಸಂಪರ್ಕಿಸುತ್ತವೆ. ಎಸ್‌ಬ್ಯಾಚ್ ಓಡಿ, ಎಸ್‌ರನ್ ಸುಮ್ಮನೆ ನಿಂತುಬಿಟ್ಟರೆ ಕಾರಣ ಬಹುಪಾಲು ಇದೇ. ಕಾನ್ಫಿಗ್‌ನಲ್ಲಿ ಎಸ್‌ರನ್‌ಪೋರ್ಟ್‌ರೇಂಜ್‌ಗೆ 60001-63000 ಎಂದು ಕೊಟ್ಟು, ಅಷ್ಟನ್ನೂ ಕಂಪ್ಯೂಟ್ ನೋಡ್‌ಗಳಿಗೆ ತೆರೆಯಿರಿ. ಪ್ರತಿ ಎಸ್‌ರನ್ 3 ಪೋರ್ಟ್ ಹಿಡಿಯುತ್ತದೆ, ಜೊತೆಗೆ ಪ್ರತಿ 48 ನೋಡ್‌ಗೆ ಇನ್ನೆರಡು.

ಅಕೌಂಟಿಂಗ್ (ಯಾರು ಎಷ್ಟು ಬಳಸಿದರು ಎಂಬ ಲೆಕ್ಕ) ಕಡ್ಡಾಯ ಮಾಡಿದ್ದರೆ ಎಸ್‌ಅಕ್‌ಮ್ಯಾನೇಜರ್ ಆಜ್ಞೆಯಲ್ಲಿ ಬಳಕೆದಾರರನ್ನು ಸೇರಿಸಿ.

ಇನ್ನು ಉಳಿದದ್ದು ಡೈರೆಕ್ಟರಿ. ಜಾಬ್ ಹಾಕಿದ ಡೈರೆಕ್ಟರಿ ಕಂಪ್ಯೂಟ್ ನೋಡ್‌ನಲ್ಲೂ ಅದೇ ಪಾತ್‌ನಲ್ಲಿ ಮೌಂಟ್ ಆಗಿರಬೇಕು. ಇಲ್ಲದಿದ್ದರೆ ಜಾಬ್ ಕ್ಷಣದಲ್ಲೇ ಫೇಲ್ ಆಗುತ್ತದೆ, ಔಟ್‌ಪುಟ್ ಕಡತವೂ ಸಿಗುವುದಿಲ್ಲ. ಕಾರಣ ಆ ನೋಡ್‌ನ ಸ್ಲರ್ಮ್‌ಡಿ (ನೋಡ್‌ನಲ್ಲಿ ಓಡುವ ಸ್ಲರ್ಮ್ ಡೀಮನ್) ಲಾಗ್‌ನಲ್ಲಿರುತ್ತದೆ. ಎಸ್‌ಬ್ಯಾಚ್ ನಿಮ್ಮ ಶೆಲ್‌ನ ಎನ್ವಿರಾನ್‌ಮೆಂಟನ್ನೂ (ಪಾತ್ ಮುಂತಾದ ಸೆಟ್ಟಿಂಗ್‌ಗಳು) ಹೊತ್ತೊಯ್ಯುವುದರಿಂದ, ಸಾಫ್ಟ್‌ವೇರ್ ಬೇರೆ ಬೇರೆ ಜಾಗದಲ್ಲಿದ್ದರೆ ಎಕ್ಸ್‌ಪೋರ್ಟ್ ಆಯ್ಕೆಗೆ ನನ್ (NONE) ಎಂದು ಕೊಡಿ.

ಮೊದಲ ಪರೀಕ್ಷೆಗೆ ಎಸ್‌ಕಂಟ್ರೋಲ್ ಪಿಂಗ್ ಮಾಡಿ. ಕಂಟ್ರೋಲರ್ ಅಪ್ ಎಂದು ಬಂದ ಮೇಲೆ ಐಡಿ, ಹೋಸ್ಟ್‌ನೇಮ್, ಪಿಡಬ್ಲ್ಯೂಡಿ ಎಂಬ ಮೂರೇ ಆಜ್ಞೆಗಳ ಜಾಬ್ ಹಾಕಿ ನೋಡಿ.