ಕೊಬ್ಬಿನ ಗಂಟಿಗೆ ಯಾವ ಚಿಕಿತ್ಸೆ?

ಚರ್ಮದಡಿಯಲ್ಲಿ ಮೆತ್ತಗೆ ಕೈಗೆ ಸಿಗುವ, ಬೆರಳಿನಿಂದ ಒತ್ತಿದರೆ ಅತ್ತಿತ್ತ ಜಾರುವ, ನೋವಿಲ್ಲದ ಗಂಟು ಹೆಚ್ಚಾಗಿ ಲಿಪೋಮಾ, ಅಂದರೆ ಕೊಬ್ಬಿನ ಗಂಟು ಆಗಿರುತ್ತದೆ. ಆದರೂ ಒಮ್ಮೆ ವೈದ್ಯರಿಗೆ ತೋರಿಸಿ ಖಚಿತಪಡಿಸಿಕೊಳ್ಳಬೇಕು. 5 ಸೆಂಟಿಮೀಟರ್‌ಗಿಂತ ದೊಡ್ಡದಾದ, ಬೇಗ ಬೆಳೆಯುವ ಅಥವಾ ಗಟ್ಟಿಯಾದ ಗಂಟಿಗಂತೂ ಸ್ಕ್ಯಾನ್ ಮಾಡಿಸುವುದನ್ನು ಮುಂದೂಡಬಾರದು. ತೊಂದರೆ ಕೊಡದ ಗಂಟನ್ನು ಹಾಗೆಯೇ ಬಿಡುವುದೂ ಸರಿಯಾದ ನಿರ್ಧಾರವೇ.

ನೋವಿದ್ದರೆ ಅಥವಾ ಬಟ್ಟೆಗೆ ಉಜ್ಜುತ್ತಿದ್ದರೆ ಶಸ್ತ್ರಚಿಕಿತ್ಸೆಯೇ ಉತ್ತಮ: ಸಾಮಾನ್ಯವಾಗಿ ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು, ಚರ್ಮವನ್ನು ಸೀಳಿ, ಹಳದಿ ಬಣ್ಣದ ಗಂಟನ್ನು ತೆಳು ಪೊರೆಯ ಸಮೇತ ಬಿಡಿಸಿ ತೆಗೆದು ಹೊಲಿಗೆ ಹಾಕುತ್ತಾರೆ, ಪೂರ್ತಿ ಬಂದರೆ ಅದೇ ಜಾಗದಲ್ಲಿ ಮತ್ತೆ ಬೆಳೆಯುವುದು ಅಪರೂಪ. ಕೊಬ್ಬನ್ನು ಕೊಳವೆಯಿಂದ ಹೀರುವ ಲೈಪೋಸಕ್ಷನ್‌ನಲ್ಲಿ ಕಲೆ ಚಿಕ್ಕದಾದರೂ, ಒಳಗುಳಿದ ತುಣುಕಿನಿಂದ ಗಂಟು ಮರಳಬಹುದು. ಸ್ಟಿರಾಯ್ಡ್ ಚುಚ್ಚುಮದ್ದು ಅದನ್ನು ಕುಗ್ಗಿಸಬಹುದೇ ಹೊರತು ಸಾಮಾನ್ಯವಾಗಿ ಇಲ್ಲವಾಗಿಸದು. ತೂಕ ಇಳಿಸಿದರೂ, ಎಷ್ಟೇ ಎಣ್ಣೆ ತಿಕ್ಕಿದರೂ ಲಿಪೋಮಾ ಕರಗುವುದಿಲ್ಲ.