ಮಳೆಗಾಲ ಮುಗಿದ ಮೇಲೆ ಶುರು ಮಾಡಿದ ರಾ ಡೆನಿಮ್

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಹಾಜರಿ, ಲೆಕ್ಕ ಬರೆಯುವ ಕೆಲಸ. ಬೆಳಿಗ್ಗೆ ಹಾಜರಿ ಬರೆಯುವುದರಿಂದ ಸಂಜೆ ಹಣ್ಣು ತೂಗುವವರೆಗೆ ನಡೆಯುವುದು, ಬಗ್ಗುವುದು, ಕುಕ್ಕರುಗಾಲಲ್ಲಿ ಕೂರುವುದು ಇದ್ದೇ ಇರುತ್ತದೆ. ರಾ ಡೆನಿಮ್ ಪಳಗಿಸುವುದಕ್ಕೆ ಇಂಥ ಕೆಲಸ ತುಂಬಾ ಚೆನ್ನಾಗಿ ಒಗ್ಗುತ್ತದೆ. ಆದರೆ ಮಲೆನಾಡಿನ ಹವೆ ಒಗ್ಗುವುದಿಲ್ಲ. ಅದನ್ನು ನಾನು ಒಂದು ಪ್ಯಾಂಟು ಕಳೆದುಕೊಂಡು ಕಲಿತೆ.

ರಾ ಡೆನಿಮ್ ಅಂದರೆ ನೇಯ್ದು ಹೊಲಿದ ಮೇಲೆ ಇನ್ನೂ ತೊಳೆಯದ ಜೀನ್ಸ್. ಮಾಮೂಲಿ ಜೀನ್ಸನ್ನು ಫ್ಯಾಕ್ಟರಿಯಲ್ಲೇ ತೊಳೆದು, ಉಜ್ಜಿ, ಮೆತ್ತಗೆ ಮಾಡಿರುತ್ತಾರೆ. ಇಲ್ಲಿ ಆ ಕೆಲಸ ಹಾಕಿಕೊಳ್ಳುವವರದ್ದು. ಡೆನಿಮ್‌ನಲ್ಲಿ ಉದ್ದಕ್ಕೆ ಹೋಗುವ ಹಾಸಿನ ನೂಲು ನೀಲಿ, ಅಡ್ಡಕ್ಕೆ ಹೋಗುವ ಹೊಕ್ಕಿನ ನೂಲು ಬಿಳಿ. ಇಂಡಿಗೋ ಬಣ್ಣ ನೂಲಿನ ಹೊರಮೈಗೆ ಮಾತ್ರ ಹತ್ತಿ, ಒಳಗಿನ ತಿರುಳು ಬೆಳ್ಳಗೇ ಉಳಿಯುತ್ತದೆ. ಎಲ್ಲಿ ಬಟ್ಟೆ ಜಾಸ್ತಿ ಸವೆಯುತ್ತದೋ ಅಲ್ಲಿ ಆ ಬಿಳಿ ಹೊರಗೆ ಬರುತ್ತದೆ. ಜೊತೆಗೆ, ನೇಯುವಾಗ ನೂಲು ಹರಿಯಬಾರದು ಅಂತ ಹಾಸಿನ ನೂಲಿಗೆ ಗಂಜಿ ಹಾಕಿರುತ್ತಾರೆ. ಹೊಸ ಪ್ಯಾಂಟು ತಗಡಿನ ಹಾಗೆ ನಿಲ್ಲುವುದು ಅದರಿಂದಲೇ. ಗಂಜಿ ಇರುವವರೆಗೆ ಮಡಿಕೆ ದಿನಾ ಒಂದೇ ಜಾಗದಲ್ಲಿ ಬೀಳುತ್ತದೆ, ಗೆರೆ ಎದ್ದು ಕಾಣುತ್ತದೆ. ಬೇಗ ತೊಳೆದರೆ ಗಂಜಿ ಹೋಗಿ ಮಡಿಕೆ ಅಲ್ಲಿ ಇಲ್ಲಿ ಹರಡುತ್ತದೆ. "ಆರು ತಿಂಗಳು ತೊಳೆಯಬೇಡಿ" ಅನ್ನುವ ಮಾತು ಬಂದಿದ್ದು ಇದಕ್ಕೇ.

ಆ ಮಾತು ನಂಬಿ ಮೊದಲ ಪ್ಯಾಂಟನ್ನು ಜೂನ್‌ನಲ್ಲಿ ಹಾಕಲು ಶುರು ಮಾಡಿದೆ. ನಮ್ಮಲ್ಲಿ ಜೂನ್ ಅಂದರೆ ಗೊತ್ತಲ್ವಾ? ಒಗೆದ ಬನಿಯನ್ನೇ ಮೂರು ದಿನವಾದರೂ ಒಣಗುವುದಿಲ್ಲ. ದಪ್ಪ ಡೆನಿಮ್ ಒಮ್ಮೆ ನೆಂದರೆ ವಾರಗಟ್ಟಲೆ ಥಂಡಿ ಹಿಡಿದೇ ಇರುತ್ತದೆ. ಗೋಡೆಯ ಮೊಳೆಗೆ ನೇತುಹಾಕಿದ್ದೆ. ಜುಲೈ ಹೊತ್ತಿಗೆ ಸೊಂಟಪಟ್ಟಿ, ಜೇಬಿನ ಸುತ್ತ ಬಿಳಿ ಬೂಷ್ಟು, ಆಮೇಲೆ ಕಪ್ಪು ಚುಕ್ಕೆ. ಗಂಜಿ, ಬೆವರು, ಥಂಡಿ ಮೂರೂ ಸೇರಿದರೆ ಬೂಷ್ಟಿಗೆ ಅದಕ್ಕಿಂತ ಒಳ್ಳೆ ಊಟ ಬೇಕಾ? ಗಾಬರಿಯಾಗಿ ಹಂಡೆಯ ಬಿಸಿನೀರು, ಸೋಪಿನ ಪುಡಿ ಹಾಕಿ ಕಲ್ಲಿನ ಮೇಲೆ ಬ್ರಶ್‌ನಲ್ಲಿ ತಿಕ್ಕಿದೆ. ಚುಕ್ಕೆ ಹೋಗಲಿಲ್ಲ. ತಿಕ್ಕಿದ ಕಡೆಯೆಲ್ಲ ಪಟ್ಟೆ ಪಟ್ಟೆಯಾಗಿ ಬಣ್ಣ ಹೋಯಿತು. ಸೊಂಟವೂ ಬಿಗಿಯಾಯಿತು.

ಎರಡನೆಯದನ್ನು ದೀಪಾವಳಿ ಕಳೆದ ಮೇಲೆ ತೆಗೆದೆ. 14 ಔನ್ಸ್ ಬಟ್ಟೆ (ಒಂದು ಚದರ ಗಜದ ತೂಕ), ಸ್ಯಾನ್‌ಫರೈಸ್ ಮಾಡಿದ್ದು. ಅಂದರೆ ಕುಗ್ಗುವುದನ್ನು ಮೊದಲೇ ಬಹುಪಾಲು ಕುಗ್ಗಿಸಿರುತ್ತಾರೆ, ಆಮೇಲೆ ನೂರಕ್ಕೆ ಒಂದರಿಂದ ಮೂರರಷ್ಟು ಮಾತ್ರ ಕುಗ್ಗುತ್ತದೆ. ಸ್ಯಾನ್‌ಫರೈಸ್ ಆಗದ ಬಟ್ಟೆ ನೂರಕ್ಕೆ ಹತ್ತರವರೆಗೂ ಕುಗ್ಗಬಹುದು, ಅದನ್ನು ಹಾಕುವ ಮೊದಲೇ ನೆನೆಸಿ ಕುಗ್ಗಿಸಬೇಕು. ಕೊಳ್ಳುವಾಗ ಇದೊಂದನ್ನು ಕೇಳದೆ ಬರಬೇಡಿ.

ಮೊದಲ ಎರಡು ವಾರ ನಿಜಕ್ಕೂ ಕಷ್ಟ. ಮೊಣಕಾಲ ಹಿಂದೆ ಕೆರೆಯುತ್ತಿತ್ತು. ಕೂರಲು ಹೋದರೆ ಪ್ಯಾಂಟು ಬೇಡ ಅನ್ನುತ್ತಿತ್ತು. ನಾನು ಬಿಡದೆ ದಿನಾ ಹಾಕಿದೆ. ಅರೇಬಿಕಾ ಕೊಯ್ಲು ಶುರುವಾಗಿತ್ತು, ಹವೆ ಒಣಗಿತ್ತು. ರಾತ್ರಿ ತಿರುಗಿಸಿ ಹಗ್ಗಕ್ಕೆ ಹಾಕಿದರೆ ಬೆವರು ಆರಿ ಹೋಗುತ್ತಿತ್ತು. ಬಣ್ಣ ಮಾತ್ರ ಎಲ್ಲಕ್ಕೂ ಮೆತ್ತಿಕೊಂಡಿತು. ಬಿಳಿ ಕುರ್ಚಿ, ಬೈಕಿನ ಸೀಟು, ಬೆಡ್‌ಶೀಟು. "ಈ ಪ್ಯಾಂಟು ಹಾಕ್ಕೊಂಡು ಹಾಸಿಗೆ ಮೇಲೆ ಕೂತರೆ ನೋಡು" ಅಂತ ಅಮ್ಮ ಗದರಿದರು. ಅವರು ಹೇಳಿದ್ದು ಸರಿ. ಮೊದಲ ತಿಂಗಳು ತೆಳು ಬಣ್ಣದ ಯಾವುದರ ಮೇಲೂ ಕೂರಬಾರದು.

ಕಾಫಿ ಹಣ್ಣಿನ ಅಂಟು ಬಿದ್ದರೆ ಅಲ್ಲೇ ಒದ್ದೆ ಬಟ್ಟೆಯಲ್ಲಿ ಒತ್ತಿ ಒರೆಸುತ್ತಿದ್ದೆ. ವಾಸನೆ ಹೋಗಲು ಫ್ರೀಜರ್‌ನಲ್ಲಿ ಇಡಿ ಅನ್ನುತ್ತಾರೆ. ಚಳಿಗೆ ಬ್ಯಾಕ್ಟೀರಿಯಾ ಸುಮ್ನಾಗುತ್ತವೆ, ಹೆಚ್ಚಿನವು ಸಾಯುವುದಿಲ್ಲ. ಬಣ್ಣ ನಿಲ್ಲಲಿ ಅಂತ ಉಪ್ಪು, ವಿನೆಗರ್ ಹಾಕುವುದೂ ಇಂಡಿಗೋಗೆ ಕೆಲಸಕ್ಕೆ ಬರುವುದಿಲ್ಲ.

ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು, ಬಿಸಿಲು ಮತ್ತೆ ಬಂದ ಮೇಲೆ ಮೊದಲ ಸಲ ತೊಳೆದೆ. ಹಿಂದಿನ ರಾತ್ರಿ ಹತ್ತು ಹನ್ನೆರಡು ಅಂಟುವಾಳ ಕಾಯಿ ಬೀಜ ತೆಗೆದು ನೆನೆಹಾಕಿದ್ದೆ. ನಮ್ಮಜ್ಜಿ ರೇಷ್ಮೆ ಸೀರೆಗೆ ಬಳಸುತ್ತಿದ್ದದ್ದು ಅದೇ. ಬೆಳಿಗ್ಗೆ ಕಿವುಚಿ ಸೋಸಿ, ದೊಡ್ಡ ಟಬ್ಬಿನ ತಣ್ಣೀರಿಗೆ ಸೇರಿಸಿದೆ. ಪ್ಯಾಂಟನ್ನು ಒಳಮೈ ಹೊರಗೆ ಮಾಡಿ, ಗುಂಡಿ ಹಾಕಿ, ಮಡಚದೆ ಉದ್ದಕ್ಕೆ ಮುಳುಗಿಸಿದೆ. ಮಡಚಿ ತುರುಕಿದರೆ ಬೇಡದ ಕಡೆ ಗೆರೆ ಬೀಳುತ್ತದೆ. ಮುಕ್ಕಾಲು ಗಂಟೆ ಬಿಟ್ಟು, ಅಂಗೈಯಲ್ಲಿ ಒತ್ತಿ ಒತ್ತಿ ತೊಳೆದೆ. ತಿಕ್ಕಲಿಲ್ಲ, ಹಿಂಡಲಿಲ್ಲ. ನೀರು ಕಡುನೀಲಿಯಾಗಿದ್ದು ನೋಡಿ ಹೊಟ್ಟೆ ಚುರುಕ್ ಅಂದಿತು, ಆದರೆ ಅದು ಮೇಲೆ ನಿಂತಿದ್ದ ಬಣ್ಣ, ಹೋಗಲೇಬೇಕಾದದ್ದು. ನಾಲ್ಕು ಸಲ ನೀರು ಬದಲಿಸಿದೆ. ಆಮೇಲೆ ಸೊಂಟದ ಕಡೆ ಕ್ಲಿಪ್ಪು ಹಾಕಿ ನೆರಳಲ್ಲಿ ನೇತುಹಾಕಿದೆ. ನೇರ ಬಿಸಿಲಲ್ಲಿ ಬಣ್ಣ ಮಂಕಾಗುತ್ತದೆ, ಬಚ್ಚಲ ಒಲೆಯ ಮೇಲೆ ಹಾಕಿದರೆ ಹೊಗೆ ವಾಸನೆ ಬಿಡುವುದೇ ಇಲ್ಲ. ಪೂರ್ತಿ ಒಣಗಲು ಎರಡು ದಿನ ಬೇಕಾಯಿತು.

ಒಣಗಿದ ಮೇಲೆ ಟೇಪು ಹಿಡಿದೆ. ಕಾಲಿನ ಉದ್ದ ಮುಕ್ಕಾಲು ಇಂಚು, ಸೊಂಟ ಅರ್ಧ ಇಂಚು ಕಡಿಮೆ. ಸೊಂಟ ನಾಲ್ಕು ದಿನ ಹಾಕುವಷ್ಟರಲ್ಲಿ ಮತ್ತೆ ಸಡಿಲವಾಯಿತು. ಉದ್ದ ಸಡಿಲವಾಗುವುದಿಲ್ಲ, ಅದಕ್ಕೇ ತುದಿಯನ್ನು ಮೊದಲ ತೊಳೆತಕ್ಕೆ ಮುಂಚೆ ಕತ್ತರಿಸಿ ಹೊಲಿಸಬೇಡಿ. ಗಂಜಿ ಹೋಗಿ ಬಟ್ಟೆ ಮೆತ್ತಗಾಗಿತ್ತು. ಮೊಣಕಾಲ ಹಿಂದೆ ಜೇನುಗೂಡಿನಂಥ ಗೆರೆ, ಹಿಂದಿನ ಜೇಬಿನ ಮೇಲೆ ನನ್ನ ಹಾಜರಿ ಪುಸ್ತಕದ ಚೌಕ. ಅಂಚೂ ಸಹಿತ ಕಾಣುತ್ತಿತ್ತು. ಎಷ್ಟು ಹೊತ್ತು ನೋಡುತ್ತಾ ನಿಂತೆನೋ ಗೊತ್ತಿಲ್ಲ.

ಈಗ ಇದು ಎರಡನೇ ಕೊಯ್ಲು ಕಂಡಿದೆ. ಆರು ತಿಂಗಳು ಕಾಯುವುದಿಲ್ಲ, ಬೆವರಿನ ಉಪ್ಪು, ಕೊಳೆ ನಿಂತರೆ ನೂಲು ಬೇಗ ಸವೆಯುತ್ತದೆ. ತೊಡೆ ಸೇರುವ ಕಡೆ ಒಮ್ಮೆ ಹರಿಯಿತು, ಮೂಡಿಗೆರೆಯ ಟೈಲರ್ ಹತ್ತಿರ ಒಳಗಿನಿಂದ ತುಂಡು ಕೊಟ್ಟು ಹೊಲಿಸಿದೆ. ಮೇ ಕೊನೆಯಲ್ಲಿ ಇನ್ನೊಮ್ಮೆ ತೊಳೆದು, ಚೆನ್ನಾಗಿ ಒಣಗಿಸಿ, ಬಚ್ಚಲ ಒಲೆಯ ಗೋಡೆಗೆ ಅಂಟಿದ ಬೆಚ್ಚನೆ ಕೋಣೆಯ ಟ್ರಂಕಿನಲ್ಲಿ ಇಡುತ್ತೇನೆ. ದೀಪಾವಳಿವರೆಗೆ ತೋಟಕ್ಕೆ ಹಳೆಯ ಟೆರಿಕಾಟ್ ಪ್ಯಾಂಟು.