ಮಾವಿನ ಮರದ ಕೆಳಗೆ ನಿಲ್ಲುವ ಕಾರು: ಮನೆಯಲ್ಲೇ ವ್ಯಾಕ್ಸ್ ಹಚ್ಚಿದ ನನ್ನ ಅನುಭವ

ಬೆಂಗಳೂರಿನಲ್ಲಿರುವ ನಮ್ಮ ಮನೆಯ ಅಂಗಳದಲ್ಲಿ ಒಂದು ಹಳೆಯ ಮಾವಿನ ಮರವಿದೆ. ಕಾರು ನಿಲ್ಲಿಸಲು ಅದರ ಕೆಳಗಿನ ಜಾಗ ಬಿಟ್ಟರೆ ಬೇರೆ ಜಾಗವಿಲ್ಲ. ಡಿಸೆಂಬರ್ ಕೊನೆಗೆ ಮರ ಹೂ ಬಿಡಲು ಆರಂಭಿಸಿದರೆ ಫೆಬ್ರವರಿ ಮುಗಿಯುವವರೆಗೂ ಜಿಗಿಹುಳುಗಳ ಕಾಟ ತಪ್ಪದು. ಹೂಗೊಂಚಲಿನ ರಸ ಹೀರುವ ಈ ಹುಳುಗಳು ಹೊರಹಾಕುವ ಸಿಹಿ ಅಂಟು ರಾತ್ರಿಯಿಡೀ ಸೂಜಿಮೊನೆಯಷ್ಟು ಸಣ್ಣ ಹನಿಗಳಾಗಿ ಬಾನೆಟ್ಟಿನ ಮೇಲೆ ಉದುರುತ್ತದೆ. ಬೆಳಗಾಗುವಷ್ಟರಲ್ಲಿ ಅದರ ಮೇಲೆ ದೂಳು ಕೂತಿರುತ್ತದೆ. ಬಿಸಿಲೇರಿದ ಮೇಲೆ ಆ ಅಂಟು ಬೆಲ್ಲದ ಪಾಕದಂತೆ ಗಟ್ಟಿಯಾಗಿ ಬಣ್ಣಕ್ಕೆ ಕಚ್ಚಿಕೊಳ್ಳುತ್ತದೆ. ನಮ್ಮದು ಗಾಢ ನೀಲಿ ಬಣ್ಣದ ಸಣ್ಣ ಕಾರು. ಕೊಂಡ ಎರಡನೆಯ ವರ್ಷಕ್ಕೇ ಅದರ ಬಾನೆಟ್ಟನ್ನು ಓರೆಯಾಗಿ ನೋಡಿದರೆ ಚುಕ್ಕೆ ಚುಕ್ಕೆಯಾಗಿ ಮಂಕಾಗಿ ಕಾಣುತ್ತಿತ್ತು. ನಾನು ವ್ಯಾಕ್ಸ್ ಬಗ್ಗೆ ಯೋಚಿಸಲು ಆರಂಭಿಸಿದ್ದು ಹೊಳಪಿನ ಆಸೆಯಿಂದಲ್ಲ, ಈ ಅಂಟಿನಿಂದ ಬಣ್ಣವನ್ನು ಉಳಿಸಿಕೊಳ್ಳಬೇಕೆಂಬ ಕಾರಣದಿಂದ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ವಾಹನ ತೊಳೆಯುವ ಅಂಗಡಿಯೊಂದರಲ್ಲಿ ಕಾರು ಬಿಟ್ಟು, ‘ವ್ಯಾಕ್ಸ್ ಪಾಲಿಶ್’ ಎಂಬ ಹೆಸರಿನ ಸೇವೆಗೆ ಹಣ ಕೊಟ್ಟು ಬಂದೆ. ಸಂಜೆ ಕಾರು ಕನ್ನಡಿಯಂತೆ ಹೊಳೆಯುತ್ತಿತ್ತು. ಎರಡು ಸಲ ತೊಳೆಯುವಷ್ಟರಲ್ಲಿ ಹಳೆಯ ಗೀರುಗಳೆಲ್ಲ ಮರಳಿ ಕಾಣಿಸಿಕೊಂಡವು, ಅವುಗಳ ಜೊತೆಗೆ ಜೇಡರ ಬಲೆಯಂತೆ ಸುತ್ತುಸುತ್ತಾದ ಹೊಸ ಗೀರುಗಳೂ ಎದ್ದವು. ಪಾಲಿಶ್ ಬೇರೆ, ವ್ಯಾಕ್ಸ್ ಬೇರೆ ಎಂಬುದು ನನಗೆ ಸರಿಯಾಗಿ ತಿಳಿದದ್ದು ಆಗ. ಪಾಲಿಶ್ ಎಂದರೆ ಬಹಳ ನುಣುಪಾದ ಉಜ್ಜುಪುಡಿ ಬೆರೆತ ಲೇಪ. ಅದು ಮೇಲ್ಪದರವನ್ನು ಸವೆಸಿ ಗೀರುಗಳನ್ನು ತೆಗೆಯುತ್ತದೆ, ಇಲ್ಲವೇ ಎಣ್ಣೆಯಂಶದಿಂದ ಅವುಗಳನ್ನು ತುಂಬಿ ಮರೆಮಾಡುತ್ತದೆ. ವ್ಯಾಕ್ಸ್ ಏನನ್ನೂ ಸವೆಸುವುದಿಲ್ಲ, ಬಣ್ಣದ ಮೇಲೆ ತೆಳ್ಳಗೆ ಕೂತು ಬಿಸಿಲು, ನೀರು, ಅಂಟು ಎಲ್ಲದರ ಏಟನ್ನೂ ತಾನೇ ತಿಂದು ಸವೆದುಹೋಗುತ್ತದೆ. ಕಾರಿನ ಬಣ್ಣದ ಮೇಲಿರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40–50 ಮೈಕ್ರಾನ್‌ನಷ್ಟು ಮಾತ್ರ ದಪ್ಪವಿರುತ್ತದೆ. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ. ಇಷ್ಟು ತೆಳುವಾದ ಪದರವನ್ನು ಪ್ರತಿ ವರ್ಷವೂ ಪಾಲಿಶ್ ಹೆಸರಿನಲ್ಲಿ ಸವೆಸಲು ಬಿಡುವುದು ಸರಿಯಲ್ಲವೆಂದು ತೀರ್ಮಾನಿಸಿದ ಮೇಲೆ, ಆ ಕೆಲಸವನ್ನು ನಾನೇ ಕೈಗೆತ್ತಿಕೊಂಡೆ.

ಯಾವ ವ್ಯಾಕ್ಸ್ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಒಂದು ವರ್ಷವೇ ಹಿಡಿಯಿತು. ಡಬ್ಬಿಗಳ ಮೇಲೆ ಹೆಚ್ಚಾಗಿ ಕಾಣುವ ಹೆಸರು ಕಾರ್ನೌಬಾ. ಬ್ರೆಜಿಲ್‌ನ ಈಶಾನ್ಯ ಭಾಗದ ಒಣ ನೆಲದಲ್ಲಿ ಬೆಳೆಯುವ ಒಂದು ಜಾತಿಯ ತಾಳೆಮರದ ಗರಿಗಳಿಂದ ಬರುವ ಮೇಣ ಅದು. ಸುಡುಬಿಸಿಲಿನಲ್ಲಿ ನೀರು ಆವಿಯಾಗದಂತೆ ಆ ಮರ ತನ್ನ ಗರಿಗಳ ಮೇಲೆ ತಾನೇ ಮೇಣ ಸ್ರವಿಸಿಕೊಳ್ಳುತ್ತದೆ. ಗರಿಗಳನ್ನು ಕಡಿದು, ಒಣಗಿಸಿ, ಬಡಿದು ಆ ಮೇಣವನ್ನು ಉದುರಿಸಿ ತೆಗೆಯುತ್ತಾರೆ. ಅದು ಕರಗಲು 82ರಿಂದ 86 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಗಾಢ ಬಣ್ಣದ ಕಾರಿನ ಮೈ ನಮ್ಮ ಏಪ್ರಿಲ್ ಬಿಸಿಲಿನಲ್ಲಿ 60 ಡಿಗ್ರಿ ದಾಟುವುದುಂಟು, ಆದ್ದರಿಂದ ಈ ಗುಣ ಮುಖ್ಯ. ಆದರೆ ಶುದ್ಧ ಕಾರ್ನೌಬಾ ಕಲ್ಲಿನಂತೆ ಗಟ್ಟಿ, ಅದನ್ನು ಕೈಯಿಂದ ಹಚ್ಚಲಾಗದು. ಎಣ್ಣೆ, ದ್ರಾವಕ, ಬೇರೆ ಮೇಣಗಳನ್ನು ಬೆರೆಸಿ ಮೆದು ಮಾಡಿಯೇ ಡಬ್ಬಿಗೆ ತುಂಬುತ್ತಾರೆ. ಆದ್ದರಿಂದ ‘ಶೇ 100 ಕಾರ್ನೌಬಾ’ ಎಂದು ಬರೆದಿದ್ದರೆ ಅದು ಬೆರೆಸಿದ ಕಾರ್ನೌಬಾದ ಶುದ್ಧತೆಯ ಮಾತೇ ಹೊರತು ಡಬ್ಬಿಯ ತುಂಬ ಅದೇ ಇದೆ ಎಂದಲ್ಲ.

ನಾನು ಮೊದಲು ಕೊಂಡದ್ದು ಕಾರ್ನೌಬಾ ಪೇಸ್ಟ್. ನೀಲಿ ಬಣ್ಣಕ್ಕೆ ಅದು ಕೊಡುವ ಆಳವಾದ, ಒದ್ದೆ ಹೊಳಪು ನನಗೆ ಇಂದಿಗೂ ಇಷ್ಟ. ಆದರೆ ಮಳೆಗಾಲದಲ್ಲಿ ಅದು ಐದಾರು ವಾರಕ್ಕಿಂತ ಹೆಚ್ಚು ಬಾಳಲಿಲ್ಲ. ಮುಂದಿನ ಸಲ ಸೀಲೆಂಟ್ ಎಂದು ಕರೆಯುವ ಕೃತಕ ಪಾಲಿಮರ್ ಲೇಪ ತಂದೆ. ಹೊಳಪು ತುಸು ತೆಳುವಾದರೂ ಬಾಳಿಕೆ ಮೂರು ತಿಂಗಳು ಬಂತು. ಈಗ ಎರಡನ್ನೂ ಬಳಸುತ್ತೇನೆ. ಮೇ ಕೊನೆಯಲ್ಲಿ, ಮುಂಗಾರು ಹಿಡಿಯುವ ಮುನ್ನ ಸೀಲೆಂಟ್. ಆಯುಧಪೂಜೆಯ ಹಿಂದಿನ ವಾರ ಮತ್ತೊಮ್ಮೆ ಸೀಲೆಂಟ್, ಮರುದಿನ ಅದರ ಮೇಲೆ ಕಾರ್ನೌಬಾ. ಮಾವು ಹೂ ಬಿಡುವ ಮುನ್ನ ಡಿಸೆಂಬರಿನಲ್ಲಿ ಮತ್ತೊಂದು ತೆಳು ಕಾರ್ನೌಬಾ. ಈ ಕ್ರಮವನ್ನು ತಿರುಗುಮುರುಗು ಮಾಡಬಾರದು. ಸೀಲೆಂಟ್ ಶುಚಿಯಾದ ಬಣ್ಣಕ್ಕೇ ಹಿಡಿದುಕೊಳ್ಳಬೇಕು. ಕೆಳಗೆ ಎಣ್ಣೆಯಂಶದ ಮೇಣವಿದ್ದರೆ ಅದು ಸರಿಯಾಗಿ ಕೂರುವುದಿಲ್ಲ. ಬಣ್ಣದ ಮೇಲೆ ಗಾಜಿನಂತೆ ಗಟ್ಟಿಯಾಗಿ ಹಿಡಿಯುವ ಸೆರಾಮಿಕ್ ಕೋಟಿಂಗ್ ಎಂಬ ಲೇಪ ಇವೆರಡಕ್ಕಿಂತ ಹೆಚ್ಚು ಬಾಳುತ್ತದೆ, ನಿಜ. ಆದರೆ ಹಚ್ಚುವಾಗ ತಪ್ಪಾದರೆ ಅದನ್ನು ಉಜ್ಜಿಯೇ ತೆಗೆಯಬೇಕಾಗುತ್ತದೆ. ತಪ್ಪನ್ನು ಒಂದು ಬಟ್ಟೆಯಿಂದ ಒರೆಸಿ ಸರಿಪಡಿಸಲು ಬರುವ ಲೇಪವೇ ಮನೆಯಲ್ಲಿ ಮಾಡುವವರಿಗೆ ತಕ್ಕದ್ದು ಎಂಬುದು ನನ್ನ ಅಭಿಪ್ರಾಯ.

ಕೆಲಸದ ಮುಕ್ಕಾಲು ಪಾಲು ವ್ಯಾಕ್ಸ್ ಡಬ್ಬಿ ತೆರೆಯುವ ಮುಂಚೆಯೇ ಇದೆ. ನಾನು ಬೆಳಗ್ಗೆ ಆರಕ್ಕೆ ಆರಂಭಿಸುತ್ತೇನೆ. ನಮ್ಮದು ಬೋರ್‌ವೆಲ್ ನೀರು, ಬಹಳ ಗಡಸು. ಕಾರಿನ ಮೇಲೆ ಒಣಗಲು ಬಿಟ್ಟರೆ ಸುಣ್ಣದ ಬಿಳಿ ಉಂಗುರಗಳು ಉಳಿಯುತ್ತವೆ. ಕಾವೇರಿ ನೀರಿನಲ್ಲಿ ತೊಳೆಯುವ ಮಾತು ಬೇಡವೇ ಬೇಡ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರವಾದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಆ ಬೇಸಿಗೆಯಲ್ಲಿ ಪೈಪು ಬಿಟ್ಟು ಬಕೆಟ್ಟಿಗೆ ಇಳಿದವನು ಮತ್ತೆ ಪೈಪಿಗೆ ಮರಳಿಲ್ಲ. ಎರಡು ಬಕೆಟ್, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಾಡಿಸಲು ಬರಿಯ ನೀರು. ಜಾಲಾಡಿಸುವ ಬಕೆಟ್ಟಿನ ತಳದಲ್ಲಿ ತರಕಾರಿ ತೊಳೆಯುವ ತೂತಿನ ಬುಟ್ಟಿಯೊಂದನ್ನು ಬೋರಲು ಹಾಕಿಡುತ್ತೇನೆ. ಬಟ್ಟೆಯಿಂದ ಬಿಟ್ಟ ಮಣ್ಣು ಅದರ ಕೆಳಗೆ ಇಳಿದು ಕೂರುತ್ತದೆ, ಮರಳಿ ಬಟ್ಟೆಗೆ ಹತ್ತುವುದಿಲ್ಲ. ಟಾಪಿನಿಂದ ಆರಂಭಿಸಿ ಕೆಳಗಿಳಿಯುತ್ತ ಬಂದು, ಚಕ್ರದ ಪಕ್ಕದ ಭಾಗವನ್ನು ಕೊನೆಗೆ ಬೇರೆ ಬಟ್ಟೆಯಿಂದ ತೊಳೆಯುತ್ತೇನೆ. ಆರ್‌ಓ ಯಂತ್ರ ಹೊರಹಾಕುವ ತ್ಯಾಜ್ಯ ನೀರನ್ನು ಹಿಡಿದಿಟ್ಟು ಕಾರು ತೊಳೆಯುವುದು ಅನೇಕ ಮನೆಗಳಲ್ಲಿ ರೂಢಿ. ಮಣ್ಣು ನೆನೆಸಲು ಆ ನೀರು ಆದೀತು. ಆದರೆ ಲವಣವೆಲ್ಲ ಸೇರಿಕೊಂಡ ನೀರಾದ್ದರಿಂದ ಕೊನೆಯ ಜಾಲಿಗೆ ಅದು ಬೇಡ. ನಾನು ಮಳೆಗಾಲದಲ್ಲಿ ಡ್ರಮ್ಮಿನಲ್ಲಿ ಹಿಡಿದಿಟ್ಟ ಮಳೆನೀರನ್ನು ಕೊನೆಗೆ ಬಳಸುತ್ತೇನೆ. ಅದಿಲ್ಲದ ದಿನಗಳಲ್ಲಿ ಒಂದೊಂದೇ ಭಾಗವನ್ನು ತೊಳೆದು ಕೂಡಲೇ ಒಣಗಿಸುತ್ತೇನೆ.

ತೊಳೆದು ಒಣಗಿದ ಮೇಲೆ ಕಾರು ಶುಚಿಯಾಗಿರುವಂತೆ ಕಾಣುತ್ತದೆ. ಆ ನೋಟವನ್ನು ನಂಬಬಾರದು. ತೆಳುವಾದ ಪ್ಲಾಸ್ಟಿಕ್ ಕವರಿನೊಳಗೆ ಕೈಬೆರಳು ತೂರಿಸಿ, ಬಾನೆಟ್ಟಿನ ಮೇಲೆ ಭಾರ ಹಾಕದೆ ಸವರಿ ನೋಡಬೇಕು. ಬರಿಗೈಗೆ ನುಣ್ಣಗಿದ್ದ ಜಾಗವೇ ಕವರಿನ ಮೂಲಕ ಚಿರೋಟಿ ರವೆ ಉದುರಿಸಿದಂತೆ ಚರಚರನೆ ತಗುಲುತ್ತದೆ, ಕಿವಿಗೂ ಸಣ್ಣಗೆ ಕೇಳಿಸುತ್ತದೆ. ಅದು ಅಂಟಿನ ಉಳಿಕೆ, ಬ್ರೇಕಿನಿಂದ ಹಾರಿದ ಕಬ್ಬಿಣದ ಕಣ, ಹತ್ತಿರದ ಕಟ್ಟಡದ ಕೆಲಸದಿಂದ ಬಂದು ಕಚ್ಚಿಕೊಂಡ ಸಿಮೆಂಟಿನ ದೂಳು. ಅದರ ಮೇಲೆಯೇ ವ್ಯಾಕ್ಸ್ ಹಚ್ಚಿದರೆ ಕೊಳೆಗೇ ಹೊಳಪು ಕೊಟ್ಟಂತಾಗುತ್ತದೆ. ಇದನ್ನು ತೆಗೆಯಲು ಕ್ಲೇ ಬಾರ್ ಎಂಬ ಮೆದು ಜೇಡಿಯಂಥ ಉಂಡೆ ಸಿಗುತ್ತದೆ. ಸ್ಪ್ರೇ ಬಾಟಲಿಯ ನೀರಿಗೆ ನಾಲ್ಕು ಹನಿ ಕಾರ್ ಶಾಂಪೂ ಬೆರೆಸಿ ಧಾರಾಳವಾಗಿ ಸಿಂಪಡಿಸಿ, ಚಪಾತಿಯಂತೆ ತಟ್ಟಿದ ಆ ಉಂಡೆಯನ್ನು ಒತ್ತದೆ ಹಿಂದೆ ಮುಂದೆ ಜಾರಿಸಬೇಕು. ಮೊದಮೊದಲು ಅದು ತಡೆದು ತಡೆದು ಓಡುತ್ತದೆ; ಹತ್ತು ಹನ್ನೆರಡು ಸಲ ಓಡಿಸುವಷ್ಟರಲ್ಲಿ ಆ ಭಾಗ ಗಾಜಿನಂತಾಗಿ ಉಂಡೆ ಸಲೀಸಾಗಿ ಜಾರುತ್ತದೆ. ತಿರುಗಿಸಿ ನೋಡಿದರೆ ಅದರ ಮೈಮೇಲೆ ಕಂದು ಬಣ್ಣದ ಗೆರೆಗಳಿರುತ್ತವೆ. ಆ ಮುಖವನ್ನು ಒಳಕ್ಕೆ ಮಡಚಿ ಹೊಸ ಮುಖ ತೆರೆದು ಮುಂದುವರಿಯಬೇಕು. ಉಂಡೆ ನೆಲಕ್ಕೆ ಬಿದ್ದರೆ ಎತ್ತಿ ತೊಳೆದು ಬಳಸುವ ಆಸೆ ಬೇಡ, ಎಸೆದುಬಿಡಬೇಕು. ನಾನು ಒಮ್ಮೆ ತೊಳೆದು ಬಳಸಿದ್ದರಿಂದ ಎಡಗಡೆ ಡೋರಿನ ಮೇಲೆ ಒಂದು ಗೇಣುದ್ದದ ಗೀರು ಬಿದ್ದಿದೆ. ಕ್ಲೇ ಮಾಡುವುದು ವರ್ಷಕ್ಕೆ ಒಂದು ಅಥವಾ ಎರಡು ಬಾರಿ ಸಾಕು.

ಇನ್ನು ಹಚ್ಚುವ ಕೆಲಸ. ಮೊದಲ ಬಾರಿ ನಾನು ಅದನ್ನು ಏಪ್ರಿಲ್ ತಿಂಗಳ ಒಂದು ಭಾನುವಾರ, ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ದಪ್ಪ ಹಚ್ಚಿದರೆ ಹೆಚ್ಚು ದಿನ ಬಾಳುತ್ತದೆಂಬ ನಂಬಿಕೆಯಿಂದ ಇಡೀ ಕಾರಿಗೆ ಮೆತ್ತಿ ಮಾಡಿದ್ದೆ. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಬರುವಷ್ಟರಲ್ಲಿ ಮೊದಲು ಹಚ್ಚಿದ್ದು ಒಣಗಿ ಹೆಪ್ಪುಗಟ್ಟಿತ್ತು. ಅದನ್ನು ಒರೆಸಿ ತೆಗೆಯಲು ಸಂಜೆಯವರೆಗೂ ಹಿಡಿಯಿತು, ಕರಿ ಪ್ಲಾಸ್ಟಿಕ್ ಅಂಚುಗಳಲ್ಲಿ ಬಿಳಿ ಕಲೆ ಉಳಿಯಿತು, ಬಾಳಿಕೆಯಂತೂ ಒಂದು ದಿನವೂ ಹೆಚ್ಚಲಿಲ್ಲ. ಕಾರಣ ಸರಳವಾಗಿದೆ: ಬಣ್ಣಕ್ಕೆ ಅಂಟಿಕೊಳ್ಳುವುದು ಅತಿ ತೆಳುವಾದ ಒಂದು ಪದರ ಮಾತ್ರ, ಮಿಕ್ಕಿದ್ದೆಲ್ಲ ಒರೆಸುವ ಬಟ್ಟೆಗೆ ಹೋಗುತ್ತದೆ.

ಈಗ ನಾನು ಕಾರಿನ ಮೈ ತಣ್ಣಗಿರುವಾಗ, ನೆರಳಿನಲ್ಲಿ, ಅಂಗೈಯನ್ನು ಇಟ್ಟು ನೋಡಿದರೆ ಬಿಸಿ ತಗುಲದಿದ್ದಾಗ ಮಾತ್ರ ಹಚ್ಚುತ್ತೇನೆ. ಕರಿ ಪ್ಲಾಸ್ಟಿಕ್ ಭಾಗಗಳಿಗೂ ರಬ್ಬರ್ ಬೀಡಿಂಗಿಗೂ ಪೇಂಟರುಗಳು ಬಳಸುವ ಕಾಗದದ ಟೇಪು ಅಂಟಿಸುತ್ತೇನೆ. ಮೆತ್ತನೆಯ ಸ್ಪಂಜಿನ ಬಿಲ್ಲೆಗೆ ಅವರೆಕಾಳಿನಷ್ಟು ವ್ಯಾಕ್ಸ್ ತೆಗೆದುಕೊಂಡರೆ ಅರ್ಧ ಬಾನೆಟ್ಟಿಗೆ ಸಾಕಾಗುತ್ತದೆ. ಹಚ್ಚಿದ್ದು ಕಣ್ಣಿಗೆ ಕಂಡೂ ಕಾಣದಂತಿರಬೇಕು, ಉಸಿರು ಬಿಟ್ಟ ಕನ್ನಡಿಯ ಮೇಲಿನ ಮಬ್ಬಿನಷ್ಟು. ಹೀಗೆ ಹಚ್ಚಿದರೆ ಇಡೀ ಕಾರಿಗೆ ಒಂದು ಚಮಚ ಹಿಡಿಯುತ್ತದೆ. ನನ್ನ 200 ಗ್ರಾಂ ಡಬ್ಬಿ ಎರಡು ವರ್ಷವಾದರೂ ಅರ್ಧ ಮುಗಿದಿಲ್ಲ. ಐದು ಹತ್ತು ನಿಮಿಷ ಬಿಟ್ಟು ಬೆರಳಿನಿಂದ ಒಂದು ಗೆರೆ ಎಳೆದು ನೋಡಬೇಕು. ಗೆರೆ ಸ್ವಚ್ಛವಾಗಿ ಬಿದ್ದರೆ ಒರೆಸುವ ಸಮಯವಾಗಿದೆ, ಎಣ್ಣೆಯಂತೆ ಹರಡಿಕೊಂಡರೆ ಇನ್ನೂ ಕಾಯಬೇಕು. ಮಳೆಗಾಲದ ತೇವದಲ್ಲಿ ಇದಕ್ಕೆ ಇಪ್ಪತ್ತು ನಿಮಿಷವೂ ಹಿಡಿದದ್ದಿದೆ. ಒರೆಸಲು ಎರಡು ಮೈಕ್ರೋಫೈಬರ್ ಬಟ್ಟೆಗಳಿರಲಿ. ಮೊದಲನೆಯದು ಮಬ್ಬನ್ನು ತೆಗೆಯುತ್ತದೆ, ಎರಡನೆಯದು ಹೊಳಪು ತರುತ್ತದೆ. ಈ ಬಟ್ಟೆಗಳನ್ನು ಮನೆಯ ಇತರ ಬಟ್ಟೆಗಳೊಂದಿಗೆ ಒಗೆಯಬಾರದು, ಬಟ್ಟೆ ಮೆದುವಾಗಿಸುವ ದ್ರಾವಣ ಹಾಕಲೂಬಾರದು. ಎಳೆಗಳು ಮುಚ್ಚಿಹೋಗಿ ಬಟ್ಟೆ ಹೀರುವ ಗುಣವನ್ನೇ ಕಳೆದುಕೊಳ್ಳುತ್ತದೆ.

ಹೊಸದಾಗಿ ಪೇಂಟ್ ಮಾಡಿಸಿದ ಭಾಗದ ಬಗ್ಗೆ ಒಂದು ಮಾತು ಹೇಳಲೇಬೇಕು. ಕಳೆದ ವರ್ಷ ಹಿಂದಿನ ಡೋರಿಗೆ ಬೈಕೊಂದು ತಗುಲಿ ಪೇಂಟ್ ಮಾಡಿಸಬೇಕಾಯಿತು. ಗ್ಯಾರೇಜಿನ ಪೇಂಟು ಕಾರ್ಖಾನೆಯ ಪೇಂಟಿನಷ್ಟು ಹೆಚ್ಚು ಶಾಖದಲ್ಲಿ ಬೇಯುವುದಿಲ್ಲ, ಒಳಗಿನ ದ್ರಾವಕ ವಾರಗಟ್ಟಲೆ ನಿಧಾನವಾಗಿ ಹೊರಬರುತ್ತಿರುತ್ತದೆ. ಆದ್ದರಿಂದ ಪೇಂಟಿಗೆ ತಕ್ಕಂತೆ 30ರಿಂದ 90 ದಿನ ವ್ಯಾಕ್ಸ್ ಹಚ್ಚಬಾರದೆಂದು ಹೇಳುತ್ತಾರೆ. ನಾನು ಎರಡು ತಿಂಗಳು ಆ ಡೋರನ್ನು ಬರಿಯ ನೀರಿನಲ್ಲಿ ತೊಳೆದು ಬಿಟ್ಟಿದ್ದೆ. ಮ್ಯಾಟ್, ಅಂದರೆ ಹೊಳಪಿಲ್ಲದ ಬಣ್ಣದ ಕಾರುಗಳಿಗೆ ಈ ಯಾವ ವ್ಯಾಕ್ಸೂ ಅಲ್ಲ.

ವ್ಯಾಕ್ಸ್ ಇದ್ದ ಮೇಲೆ ಕಾರು ಒರೆಸುವ ಕೆಲಸ ಕಡಿಮೆಯಾಗುತ್ತದೆಂದು ತಿಳಿದಿದ್ದೆ. ಗಡಸು ನೀರಿನ ವಿಷಯದಲ್ಲಿ ಅದು ತಪ್ಪು. ವ್ಯಾಕ್ಸಿನ ಮೇಲೆ ನೀರು ಕೆಸುವಿನೆಲೆಯ ಮೇಲಿನಂತೆ ಗುಂಡಗೆ ನಿಲ್ಲುತ್ತದೆ. ಬೋರ್‌ವೆಲ್ ನೀರಿನ ಆ ಗುಂಡುಹನಿ ಬಿಸಿಲಿಗೆ ಒಣಗಿದರೆ ಅದರೊಳಗಿನ ಸುಣ್ಣವೆಲ್ಲ ಒಂದೇ ಚುಕ್ಕೆಯಲ್ಲಿ ಕೂತುಬಿಡುತ್ತದೆ. ತೊಳೆದ ಕೂಡಲೇ ಒಣಗಿಸುವುದು ಮೊದಲಿಗಿಂತಲೂ ಹೆಚ್ಚು ಅಗತ್ಯ. ಚುಕ್ಕೆ ಬಿದ್ದರೆ ಬಿಳಿ ವಿನೆಗರಿಗೆ ಸಮಪ್ರಮಾಣ ನೀರು ಬೆರೆಸಿ ಒರೆಸಿ ಕೂಡಲೇ ತೊಳೆಯುತ್ತೇನೆ, ಆ ಜಾಗಕ್ಕೆ ಮತ್ತೆ ವ್ಯಾಕ್ಸ್ ತೀಡುತ್ತೇನೆ. ಹಾಗೆಯೇ ಪಾತ್ರೆ ತೊಳೆಯುವ ಸೋಪನ್ನು ಕಾರಿಗೆ ಬಳಸುವುದನ್ನು ನಿಲ್ಲಿಸಿದ್ದೇನೆ, ಜಿಡ್ಡು ಬಿಡಿಸಲೆಂದೇ ಮಾಡಿದ ಆ ಸೋಪು ವ್ಯಾಕ್ಸಿನ ಆಯಸ್ಸನ್ನು ತಗ್ಗಿಸುತ್ತದೆ. ಹಕ್ಕಿಯ ಹಿಕ್ಕೆಗೂ ವ್ಯಾಕ್ಸ್ ಪೂರ್ಣ ರಕ್ಷಣೆಯಲ್ಲ, ಕೆಲವು ಗಂಟೆಗಳ ಕಾಲಾವಕಾಶ ಕೊಡುತ್ತದೆ ಅಷ್ಟೆ. ಕಂಡ ಕೂಡಲೇ ಒದ್ದೆ ಬಟ್ಟೆಯನ್ನು ಎರಡು ನಿಮಿಷ ಅದರ ಮೇಲೆ ಹಾಕಿಟ್ಟು, ನೆನೆದ ಮೇಲೆ ಎತ್ತಿ ತೆಗೆಯಬೇಕು, ಉಜ್ಜಬಾರದು.

ಜಿಗಿಹುಳುವಿನ ಅಂಟು ಈಗಲೂ ಬೀಳುತ್ತದೆ. ಹಿಂದೆ ಬೆಳಗ್ಗೆ ಅದನ್ನು ಬಿಡಿಸಲು ಬಿಸಿನೀರು ತಂದು ಉಗುರಿನಿಂದ ಕೆರೆಯುವವರೆಗೂ ಹೋಗುತ್ತಿದ್ದೆ. ಈ ಫೆಬ್ರವರಿಯಲ್ಲಿ ಒಂದು ಚೊಂಬು ನೀರು, ಒಂದು ಒದ್ದೆ ಬಟ್ಟೆ ಸಾಕಾಯಿತು. ಮೆಲ್ಲನೆ ಎಳೆದರೆ ಹನಿಗಳೆಲ್ಲ ಬಟ್ಟೆಯೊಂದಿಗೆ ಜಾರಿ ಬಂದವು. ಆಯುಧಪೂಜೆಯ ದಿನ ಮನೆಯವರು ಬಾನೆಟ್ಟಿಗೆ ಹಚ್ಚಿದ ಗಂಧ, ಕುಂಕುಮವೂ ಮರುದಿನ ಕಲೆ ಬಿಡದೆ ಹೋಯಿತು. ಮಾರ್ಚ್ ಮುಗಿಯುವ ಹೊತ್ತಿಗೆ ಬಾನೆಟ್ಟಿನ ಮೇಲೆ ನೀರು ಗುಂಡಗೆ ನಿಲ್ಲದೆ ಹಾಳೆಯಂತೆ ಹರಡತೊಡಗಿತ್ತು, ಡೋರುಗಳ ಮೇಲೆ ಮಾತ್ರ ಇನ್ನೂ ಹನಿಗಟ್ಟುತ್ತಿತ್ತು. ಹಾಗಾಗಿ ಮೇ ತಿಂಗಳವರೆಗೆ ಕಾಯದೆ ಬಾನೆಟ್ಟಿಗೂ ಟಾಪಿಗೂ ಮಾತ್ರ ಯುಗಾದಿಯ ಮುಂದಿನ ಭಾನುವಾರ ಒಂದು ತೆಳು ಪದರ ಹಚ್ಚಿದೆ. ಎಲ್ಲ ಮುಗಿಸಿ ಬಟ್ಟೆಗಳನ್ನು ನೆನೆಹಾಕುವಾಗ ಎಂಟೂವರೆ, ಬಿಸಿಲು ಇನ್ನೂ ಕಾಂಪೌಂಡು ದಾಟಿ ಒಳಗೆ ಬಂದಿರಲಿಲ್ಲ.